ಹೊಲಿದ ಹೆಣದ ಕತ್ತು

ಫೆಬ್ರವರಿ 4

ಅಕ್ಕಾ,

ಫೋನು ಬರಲಿಲ್ಲವೆಂದು ಗಾಬರಿಯಾಗಬೇಡ. ಇಲ್ಲಿ ಗೇಟಿನಲ್ಲೇ ಎಲ್ಲರ ಫೋನನ್ನೂ ಕಿತ್ತುಕೊಂಡು, ಹೆಸರಿನ ಚೀಟಿ ಅಂಟಿಸಿ, ಕಬ್ಬಿಣದ ಬೀರುವಿಗೆ ಹಾಕಿ ಬೀಗ ಜಡಿದಿದ್ದಾರೆ. ಶೂಟಿಂಗ್ ಮುಗಿಯುವವರೆಗೆ ಕೊಡುವುದಿಲ್ಲವಂತೆ. ಯಾರಾದರೂ ಒಂದು ಫೋಟೋ ಹೊರಗೆ ಬಿಟ್ಟರೆ ಪಿಕ್ಚರ್ ಕಥೆ ಮುಗಿಯಿತು ಅನ್ನುತ್ತಾರೆ. ಹಾಗಾಗಿ ನಿನ್ನ ತಮ್ಮ ಸ್ಕೂಲು ಬಿಟ್ಟ ಮೇಲೆ ಮೊದಲ ಸಲ ಪೆನ್ನು ಹಿಡಿದಿದ್ದಾನೆ. ಅಕ್ಷರ ನೋಡಿ ನಗಬೇಡ.

ಕೆಲಸ ಸಿಕ್ಕಿದೆ, ಅದೂ ಇಂಥಿಂಥದ್ದಲ್ಲ. ಅಪ್ಪನ ಜೊತೆ ನೋಡುತ್ತಿದ್ದ ಕಪ್ಪು ಬಿಳುಪು ದೆವ್ವದ ಸಿನಿಮಾಗಳು ನೆನಪಿವೆಯಲ್ಲ, ಅವುಗಳಲ್ಲಿದ್ದವರನ್ನೆಲ್ಲ ಗೋರಿಯಿಂದ ಎಬ್ಬಿಸಿ ಒಂದೇ ಪಿಕ್ಚರಿಗೆ ತಂದಿದ್ದಾರೆ. ರಕ್ತ ಕುಡಿಯುವ ದೊರೆ, ತೋಳಮನುಷ್ಯ, ಬಟ್ಟೆ ಸುತ್ತಿದ ಹಳೇ ಶವ, ಜೊತೆಗೆ ಹೊಲಿದ ಹೆಣ. ನಾಲ್ವರೂ ಸೇರಿ ಒಂದು ದಂಡು ಕಟ್ಟಿಕೊಂಡು, ಬಂದೂಕು ಹಿಡಿದು, ಹೆಲಿಕಾಪ್ಟರಿನಿಂದ ಹಾರಿ ಊರನ್ನು ಉಳಿಸುತ್ತಾರೆ. ನಾವೆಲ್ಲ ಪಿಕ್ಚರನ್ನು 'ದಂಡು' ಅಂತಲೇ ಕರೆಯುತ್ತೇವೆ.

ಹೊಲಿದ ಹೆಣ ಯಾರು ಹೇಳು. ನಾನೇ. ಅಂದರೆ ಮುಖ ದೊಡ್ಡ ನಟನದು, ಮೈ ನನ್ನದು. ಅವರು ಡೈಲಾಗು ಹೇಳಿ ಹೋಗಿ ನೆರಳಲ್ಲಿ ಕೂರುತ್ತಾರೆ. ಬೀಳುವುದು, ಏಳುವುದು, ಗಾಜು ಒಡೆದು ಹೊರಬರುವುದು, ಬೆಂಕಿಯಲ್ಲಿ ಓಡುವುದು ಎಲ್ಲ ನಾನು. ಹಳೇ ಸಿಮೆಂಟ್ ಫ್ಯಾಕ್ಟರಿಯೊಂದನ್ನು ಕೋಟೆ ಮಾಡಿದ್ದಾರೆ. ಇರುವುದಕ್ಕೆ ತಗಡಿನ ರೂಮು. ಊಟಕ್ಕೆ ಕೊರತೆಯಿಲ್ಲ.

ಅಮ್ಮನಿಗೆ 'ಮೈ ಮಾತ್ರ' ಅನ್ನುವುದನ್ನು ಬಿಡಿಸಿ ಹೇಳಬೇಡ. ಹೆಣದ ಪಾತ್ರ ಅಂದರೆ ಸಾಕು. ಅದಕ್ಕೇ ಅತ್ತರೆ ಕಷ್ಟ.

ನಿನ್ನ ಗುಬ್ಬಿ

*

ಫೆಬ್ರವರಿ 12

ಗುಬ್ಬಿ,

ಕಾಗದ ಬಂತು. ಅಮ್ಮನಿಗೆ ಓದಿ ಹೇಳಿದೆ, ನೀನು ಬೇಡವೆಂದ ಸಾಲನ್ನು ಬಿಟ್ಟು. ಅವಳು ಆಗಲೇ ಎದುರು ಮನೆಯವರಿಗೆ ಮಗ ಹೀರೋ ಆಗಿದ್ದಾನೆಂದು ಹೇಳಿ ಬಂದಾಗಿದೆ. ಹೆಣ ಹೇಗೆ ಹೀರೋ ಆಗುತ್ತದೆ ಎಂದು ಅವರು ಕೇಳಿದರಂತೆ. 'ಈಗಿನ ಕಾಲದಲ್ಲಿ ಏನು ಬೇಕಾದರೂ ಆಗ್ತದೆ' ಅಂದಳಂತೆ.

ನಿಜ ಹೇಳಲೇ? ಓದುವಾಗ ನನಗೆ ಹೇಸಿಗೆಯಾಯಿತು. ಆ ಹಳೇ ಚಿತ್ರದ ಹೊಲಿದ ಹೆಣ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕೆ ಇಬ್ಬರು ಸತ್ತವರ ಎರಡು ಕೈ ಜೋಡಿಸಿರುತ್ತಾರೆ. ಒಂದು ಸಣ್ಣದು, ಒಂದು ದೊಡ್ಡದು. ಅದು ಮೆಟ್ಟಿಲ ಮೇಲೆ ಕೂತು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತದೆ. ನಾವು ಹೆದರಲಿಲ್ಲ, ಅತ್ತೆವು. ಅಪ್ಪ ಕರ್ಚೀಫನ್ನು ನಿನಗೊಂದು ತುದಿ ನನಗೊಂದು ತುದಿ ಕೊಟ್ಟಿದ್ದರು. ಈಗ ಆ ಕೈಗೆ ಮೆಷಿನ್ ಗನ್ ಕೊಟ್ಟಿದ್ದಾರೆ. ಸತ್ತವರನ್ನು ಎಬ್ಬಿಸಿದರೂ ಮರ್ಯಾದೆಯಿಂದ ಎಬ್ಬಿಸಬಾರದೇ?

ನನಗೆ ಸಿನಿಮಾ ಅರ್ಥವಾಗುವುದಿಲ್ಲ ಅನ್ನುತ್ತೀಯ. ಇರಬಹುದು. ಇಡೀ ದಿನ ಸರ್ಜರಿ ವಾರ್ಡಿನಲ್ಲಿ ಜನರ ನಿಜವಾದ ಹೊಲಿಗೆ ಬಿಚ್ಚುವವಳು ನಾನು. ದುಡ್ಡು ಕೊಟ್ಟು ಸುಳ್ಳು ಹೊಲಿಗೆ ನೋಡುವವರ ಮೇಲೆ ನನಗೆ ಪ್ರೀತಿ ಹುಟ್ಟುವುದು ಕಷ್ಟ.

ಮೈಗೆ ಅಂಟಿಸುವ ಗೋಂದು ಯಾವುದು? ನಿನಗೆ ಚಿಕ್ಕಂದಿನಿಂದಲೂ ಪ್ಲಾಸ್ಟರು ಆಗಿಬರುವುದಿಲ್ಲ. ಅವರಿಗೆ ಹೇಳಿದ್ದೀಯಾ?

ಅಕ್ಕ

*

ಫೆಬ್ರವರಿ 26

ಅಕ್ಕಾ,

ಮೂಗು ಮುರಿಯುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. ಇಲ್ಲಿ ಬಂದು ಒಂದು ಸಲ ಮೂಸಿ ನೋಡು, ಆಮೇಲೆ ಆ ಮೂಗು ಇನ್ಯಾವುದಕ್ಕೂ ಮುರಿಯುವುದಿಲ್ಲ.

ಬೆಳಗಾಗುತ್ತಲೇ ಕುರ್ಚಿಯಲ್ಲಿ ಕೂರಿಸುತ್ತಾರೆ. ಎಡಕಿವಿಯ ಕೆಳಗಿನಿಂದ ಹೆಗಲ ಮೂಳೆಯವರೆಗೆ ರಬ್ಬರಿನ ತುಂಡು ಅಂಟಿಸುತ್ತಾರೆ. ಅದರ ಮೇಲೆ ದಪ್ಪ ಹೊಲಿಗೆ, ಅದರ ಮೇಲೆ ಬಣ್ಣ, ಅದರ ಮೇಲೆ ಸಕ್ಕರೆ ಪಾಕದ ರಕ್ತ. ಮಧ್ಯಾಹ್ನದ ಹೊತ್ತಿಗೆ ರಬ್ಬರಿನೊಳಗೆ ಬೆವರು ತುಂಬಿ, ನಡೆದರೆ ಪಚಪಚ ಅನ್ನುತ್ತದೆ. ಇರುವೆಗಳಿಗಂತೂ ನಾನೇ ಊಟ. ಸಂಜೆ ಅದೇನೋ ದ್ರವ ಹಚ್ಚಿ ಸುಲಿಯುತ್ತಾರೆ. ಬಾಳೆಹಣ್ಣು ಸುಲಿದ ಹಾಗೆ ಅಂದುಕೋ, ಆದರೆ ಬಾಳೆಹಣ್ಣು ನೀನೇ.

ಅಂಟಿಸುವಾಕೆ ಒಬ್ಬರು ಮೇಕಪ್ ಮೇಡಂ. ಮಾತು ಕಮ್ಮಿ. ಕೈ ಮಾತ್ರ ಚುರುಕು. ಪ್ಲಾಸ್ಟರಿನ ವಿಷಯ ಹೇಳಬೇಕೆಂದಿದ್ದೆ, ಮರೆತೆ. ಈಗ ಹೇಳಿದರೆ ಬೇರೆಯವನನ್ನು ಕರೆಸುತ್ತಾರೆ. ಹೊರಗೆ ನನ್ನ ಅಳತೆಯವರು ಸಾಲುಗಟ್ಟಿ ನಿಂತಿದ್ದಾರೆ. ಸ್ವಲ್ಪ ಕೆರೆತ ಇದೆ, ಅಷ್ಟೆ. ಕೆಂಪಗಾಗಿದೆ. ತೋಳಮನುಷ್ಯನಿಗೆ ನನಗಿಂತ ಜಾಸ್ತಿ ಕೆರೆತ, ಅವನಿಗೆ ಮೈಯೆಲ್ಲ ಕೂದಲು. ನಾವಿಬ್ಬರೂ ಕಂಬಕ್ಕೆ ಬೆನ್ನು ಉಜ್ಜಿಕೊಂಡು ನಿಲ್ಲುವುದನ್ನು ನೀನು ನೋಡಬೇಕಿತ್ತು.

ಮೊನ್ನೆ ಬೆಂಕಿಯ ಫೈಟ್ ಆಯಿತು. ನಿರ್ದೇಶಕರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು.

ಅಮ್ಮನಿಗೆ ಇರುವೆ ವಿಷಯ ಬೇಡ.

ಗುಬ್ಬಿ

*

ಮಾರ್ಚ್ 3

ಗುಬ್ಬಿ,

ನಗಿಸಿ ತಪ್ಪಿಸಿಕೊಳ್ಳಬೇಡ. ನೀನು ತೀರಾ ಜಾಸ್ತಿ ತಮಾಷೆ ಮಾಡಿದರೆ ಎಲ್ಲೋ ಏನೋ ಆಗಿದೆ ಎಂದೇ ಅರ್ಥ. ಗೋಡೆಯಿಂದ ಬಿದ್ದು ಮಣಿಕಟ್ಟು ಮುರಿದಾಗಲೂ ಅಮ್ಮನಿಗೆ ಮಿಮಿಕ್ರಿ ಮಾಡಿ ತೋರಿಸಿದವನು ನೀನು.

ಕೇಳಿದ್ದಕ್ಕೆ ನೇರವಾಗಿ ಉತ್ತರ ಬರೆ. ಚರ್ಮ ಒದ್ದೆಯಾಗಿದೆಯೇ? ರಸಿಗೆ ಬರುತ್ತಿದೆಯೇ, ಬಣ್ಣ ಯಾವುದು? ಅಂಚು ಹರಡುತ್ತಿದೆಯೇ? ಸಂಜೆ ಮೈ ಬಿಸಿಯಾಗುತ್ತದೆಯೇ?

ನಾಳೆಯೇ ಅಲ್ಲಿನ ಯಾವುದಾದರೂ ಡಾಕ್ಟರಿಗೆ ತೋರಿಸು. ಗಾಯದ ಮೇಲೆ ಮತ್ತೆ ರಬ್ಬರು ಅಂಟಿಸಲು ಬಿಡಬೇಡ. ನನಗೆ ಹುಣ್ಣೆಂದರೆ ಅಸಹ್ಯವಿಲ್ಲ, ನಿನಗೇ ಗೊತ್ತು. ಜನ ಮೂಗು ಮುಚ್ಚಿಕೊಳ್ಳುವಂಥ ಕಾಲುಗಳನ್ನು ಮಡಿಲಲ್ಲಿಟ್ಟುಕೊಂಡು ತೊಳೆದಿದ್ದೇನೆ, ತೊಳೆದು ಬಂದು ಊಟ ಮಾಡಿದ್ದೇನೆ. ಹುಣ್ಣು ಅಂದರೆ ಮೈಯೇ, ಬೇರೇನಲ್ಲ. ಅದನ್ನು ಮುಚ್ಚಿಡುವುದು ಕಂಡರೆ ಮಾತ್ರ ನನಗೆ ಮೈ ಉರಿಯುತ್ತದೆ.

ಅಕ್ಕ

*

ಮಾರ್ಚ್ 19

ಅಕ್ಕಾ,

ಉತ್ತರ ತಡವಾಯಿತು. ಬೈಯುವ ಮೊದಲು ಪೂರ್ತಿ ಓದು, ಯಾಕೆಂದರೆ ಇದು ಸಂತೋಷದ ಕಾಗದ.

ಹೋದ ವಾರ ಸಂಜೆ ಮೇಡಂ ರಬ್ಬರು ಸುಲಿಯುತ್ತಿದ್ದಾಗ ನಿರ್ದೇಶಕರು ಏನೋ ಕೇಳಲು ಒಳಗೆ ಬಂದರು. ನನ್ನ ಕತ್ತು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ನೀನು ಕೇಳಿದೆಯಲ್ಲ, ಹೌದು, ರಸಿಗೆ ಬರುತ್ತಿತ್ತು. ಚರ್ಮ ಒಂದಿಷ್ಟು ರಬ್ಬರಿನ ಜೊತೆಗೇ ಹೋಗಿತ್ತು. ನಾನು ಕೆಲಸ ಹೋಯಿತೆಂದೇ ಅಂದುಕೊಂಡೆ. ಅವರು ಹತ್ತಿರ ಬಂದು, ಟಾರ್ಚು ತರಿಸಿ, ಆ ಕಡೆ ಈ ಕಡೆಯಿಂದ ನೋಡಿದರು. ಆಮೇಲೆ ಮೇಡಂ ಕಡೆ ತಿರುಗಿ, ಇಷ್ಟು ದಿನ ನೀವು ಮಾಡಿದ್ದಕ್ಕಿಂತ ಇದು ಚೆನ್ನಾಗಿದೆ ಅಂದರು.

ಕಥೆಯಲ್ಲಿ ಒಂದು ದೃಶ್ಯವಿದೆ. ರಕ್ತ ಕುಡಿಯುವ ದೊರೆ ತಲೆ ಕೆಟ್ಟು ಸ್ನೇಹಿತನಾದ ಹೊಲಿದ ಹೆಣದ ಕತ್ತಿಗೇ ಬಾಯಿ ಹಾಕುತ್ತಾನೆ, ಹೊಲಿಗೆ ಕಿತ್ತು ಬರುತ್ತದೆ. ಆ ಕತ್ತು ಪರದೆಯ ತುಂಬ ಕಾಣಬೇಕು. ದೊಡ್ಡ ನಟನ ಕತ್ತು ನುಣ್ಣಗಿದೆ. ಆದ್ದರಿಂದ ನನ್ನದು. ನನ್ನ ಸ್ವಂತ ಚರ್ಮ, ರಬ್ಬರಿಲ್ಲದೆ. ಇಷ್ಟು ವರ್ಷ ಬೇರೆಯವರ ವಿಗ್ ಹಾಕಿಕೊಂಡು ಬೆನ್ನು ತೋರಿಸಿಕೊಂಡೇ ಬಿದ್ದಿದ್ದೇನೆ. ಮೊದಲ ಸಲ ನನ್ನದು ಅನ್ನುವುದು ಏನೋ ಒಂದು ಕಾಣುತ್ತದೆ.

ಅಲ್ಲಿಯವರೆಗೆ ಮುಲಾಮು ಹಚ್ಚಬೇಡ, ಒಣಗಿದರೆ ಕಷ್ಟ ಅಂದಿದ್ದಾರೆ. ಆ ದಿನ ಮಾತ್ರ ಮುಂದೆ ಮುಂದೆ ಹೋಗುತ್ತಿದೆ. ದೊರೆಯ ಪಾತ್ರದವರು ಒಂದು ಸಲ ಹತ್ತಿರ ಬಂದು, ವಾಸನೆಗೆ ಮುಖ ಸಿಂಡರಿಸಿ, ನನ್ನಿಂದಾಗಲ್ಲ ಅಂತ ಹೋಗಿಬಿಟ್ಟರು. ಅವರ ಭಾಗವನ್ನು ಬೇರೆಯಾಗಿ ತೆಗೆದು ಆಮೇಲೆ ಜೋಡಿಸುತ್ತಾರಂತೆ.

ಆದಷ್ಟು ಬೇಗ ಮುಗಿಯುತ್ತದೆ. ಆಮೇಲೆ ನೀನು ಹೇಳಿದ ಡಾಕ್ಟರು, ನೀನು ಹೇಳಿದ ಮಾತ್ರೆ, ಎಲ್ಲ.

ಗುಬ್ಬಿ

*

ಮಾರ್ಚ್ 24

ನಿನ್ನ ಸಂತೋಷದ ಕಾಗದವನ್ನು ಅಮ್ಮನಿಗೆ ಓದಲಿಲ್ಲ. ಸ್ಟೇಷನರಿ ಅಂಗಡಿಯ ಜಾಹೀರಾತು ಬಂದಿದೆ ಎಂದು ಸುಳ್ಳು ಹೇಳಿದೆ.

ಭಾನುವಾರ ರಜೆ ಹಾಕಿದ್ದೇನೆ. ಬರುತ್ತೇನೆ. ಔಷಧಿ ನನ್ನ ಚೀಲದಲ್ಲೇ ಇರುತ್ತದೆ.

ಅಕ್ಕ

*

ಏಪ್ರಿಲ್ 2

ಗುಬ್ಬಿ,

ಅವತ್ತು ನಾನು ಕಂಡದ್ದನ್ನು ನಿನಗೇ ಬರೆಯುತ್ತಿದ್ದೇನೆ. ನೀನು ಅಲ್ಲೇ ಇದ್ದೆ, ಆದರೆ ಕುರ್ಚಿಯಲ್ಲಿ ಕತ್ತು ವಾಲಿಸಿ ಕೂತವನಿಗೆ ಏನೂ ಕಂಡಿರಲಾರದು.

ಗೇಟಿನವನು ನನ್ನ ಫೋನು ಇಟ್ಟುಕೊಂಡು, ಮನೆಯವರೆಂದು ಒಳಗೆ ಬಿಟ್ಟ. ಸಿಮೆಂಟ್ ಧೂಳಿನ ದೊಡ್ಡ ಹಜಾರ. ಮೊದಲು ನನಗೆ ಕಂಡದ್ದು ನೀನಲ್ಲ, ಕ್ಯಾಮೆರಾ ನೋಡುತ್ತಿರುವುದನ್ನು ತೋರಿಸುವ ಟಿವಿ. ಅದರ ತುಂಬ ಏನೋ ಕೆಂಪು ಹಳದಿ, ಒದ್ದೆ, ಉಸಿರಾಡುತ್ತಿತ್ತು. ಅದು ನಿನ್ನ ಕತ್ತು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅದರ ಮುಂದೆ ಕೂತು ನಿಮ್ಮ ನಿರ್ದೇಶಕರು ಬಿಸ್ಕತ್ತು ತಿನ್ನುತ್ತಿದ್ದರು. ಚಹಾದಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದರು. ಆ ಮೇಕಪ್ಪಿನಾಕೆ ಸಣ್ಣ ಕುಂಚದಿಂದ ನಿನ್ನ ಗಾಯಕ್ಕೆ ಗ್ಲಿಸರಿನ್ ಹಚ್ಚುತ್ತಿದ್ದಳು, ಹೊಳೆಯಲಿ ಎಂದು. ದೀಪದವನು ಆ ಬದಿಯಿಂದ ಬೆಳಕು ಸರಿ ಮಾಡುತ್ತಿದ್ದ. ಎಲ್ಲರೂ ಎಷ್ಟು ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದರು. ನಮ್ಮ ವಾರ್ಡಿನಲ್ಲೂ ಅಷ್ಟು ಶ್ರದ್ಧೆ ಇರುವುದಿಲ್ಲ.

ಆಗ ಒಂದು ನೊಣ ಬಂದು ಗಾಯದ ಮೇಲೆ ಕೂತಿತು. ಆಕೆ ಓಡಿಸಲು ಕೈ ಎತ್ತಿದಳು. ನಿಮ್ಮ ನಿರ್ದೇಶಕರು ಬಿಸ್ಕತ್ತು ಹಿಡಿದ ಕೈಯನ್ನೇ ಮೇಲೆತ್ತಿ ತಡೆದರು.

"ನೊಣ ಇರ್ಲಿ. ಓಡಿಸಬೇಡಿ."

ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಟಿವಿಯಲ್ಲಿ ಅಂಗೈಯಗಲದ ನೊಣ ಕಾಲು ಉಜ್ಜಿಕೊಳ್ಳುತ್ತ ನಿನ್ನ ಮಾಂಸದ ಮೇಲೆ ನಡೆದು ಹೋಯಿತು. ಯಾರೋ ಮೆಲ್ಲಗೆ ಆಹಾ ಅಂದರು.

ನಾನು ಕೂಗಾಡಿದೆ. ಏನು ಕೂಗಿದೆನೋ ನೆನಪಿಲ್ಲ. ನಿರ್ದೇಶಕರು ಕೆಟ್ಟವರಂತೆ ಮಾತಾಡಿದ್ದರೆ ಒಳ್ಳೆಯದಿತ್ತು. ಕುರ್ಚಿ ತರಿಸಿದರು, ಕುಡಿಯಲು ನೀರು ಕೊಡಿಸಿದರು, ಅಮ್ಮಾ ಎಂದು ಕರೆದರು. ನಿಮ್ಮ ತಮ್ಮನೇ ಒಪ್ಪಿದ್ದಾನೆ, ಬೇಕಾದರೆ ಕೇಳಿ ನೋಡಿ ಅಂದರು. ಕೇಳಿದೆ. ನೀನು ಕತ್ತು ತಿರುಗಿಸಲಾಗದೆ ಕಣ್ಣು ಮಾತ್ರ ನನ್ನ ಕಡೆ ಹೊರಳಿಸಿ ಹೇಳಿದೆ.

"ಅಕ್ಕಾ, ನನ್ನ ಅನ್ನಕ್ಕೆ ಕಲ್ಲು ಹಾಕಬೇಡ. ಹೋಗು."

ಹೋದೆ. ಹೋಗುವಾಗ ಆ ಹೆಂಗಸಿಗೆ ನಿನ್ನ ಕೈ ಸೇದಿಹೋಗಲಿ ಅಂದೆ. ಅವಳು ತಲೆ ತಗ್ಗಿಸಿ ಕುಂಚ ಒರೆಸಿಕೊಂಡಳು. ಇನ್ನೂ ಅನ್ನಬೇಕಿತ್ತು.

ಆ ವಾಸನೆ ನನಗೆ ಗೊತ್ತು, ಗುಬ್ಬಿ. ಅದು ಕೆರೆತದ ವಾಸನೆಯಲ್ಲ. ಬಿಟ್ಟು ಬಾ.

ಅಕ್ಕ

*

ಏಪ್ರಿಲ್ 20

ಗುಬ್ಬಿ,

ಮೂರನೇ ಕಾಗದ ಇದು. ಉತ್ತರವಿಲ್ಲ. ಆಫೀಸಿಗೆ ಫೋನು ಮಾಡಿದರೆ ಶೂಟಿಂಗ್ ಮುಗಿದು ಎಲ್ಲರೂ ಹೊರಟುಹೋದರು ಅನ್ನುತ್ತಾರೆ. ನಿನ್ನ ಫೋನು ಸ್ವಿಚ್ ಆಫ್. ಅಮ್ಮ ದಿನಾ ಕೇಳುತ್ತಾಳೆ. ಬೇರೆ ಊರಿನಲ್ಲಿ ಶೂಟಿಂಗ್ ಇದೆ ಎಂದಿದ್ದೇನೆ.

ನನ್ನ ಮೇಲಿನ ಸಿಟ್ಟಿದ್ದರೆ ಬರೀ ಕಾಗದ ಮಡಿಸಿ ಕಳಿಸು. ಏನೂ ಬರೆಯಬೇಡ. ನಿನ್ನ ಕೈಯಲ್ಲಿ ವಿಳಾಸ ಬರೆದಿದ್ದರೆ ಸಾಕು.

ಅಕ್ಕ

*

ಮೇ 16

ಅಕ್ಕಾ,

ಮೊದಲು ಇದನ್ನು ಓದು. ಬದುಕಿದ್ದೇನೆ, ಎದ್ದು ಓಡಾಡುತ್ತಿದ್ದೇನೆ, ಅನ್ನ ಸೇರುತ್ತಿದೆ. ಫೋನು ಆ ಬೀರುವಿನಲ್ಲೇ ಉಳಿಯಿತು, ಇನ್ನು ಅದು ಬೇಡ, ನಿನಗೆ ಹೇಳುವುದು ಕಾಗದದಲ್ಲೇ ಸುಲಭ.

ಆ ದೃಶ್ಯ ಕೊನೆಗೂ ಮುಗಿಯಿತು. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೈ ಮುಗಿಯಲು ಹೋದೆ, ನೆಲ ಎದ್ದು ಬಂದು ಮುಖಕ್ಕೆ ಹೊಡೆಯಿತು. ಆಮೇಲಿನದು ನನಗೆ ಗೊತ್ತಿಲ್ಲ. ಇತರರು ಹೇಳಿದ್ದು. ಬಿಸಿಲಿಗೆ ಆಯಿತು, ನೆರಳಲ್ಲಿ ಮಲಗಿಸಿ ಅಂದರಂತೆ ನಿರ್ದೇಶಕರು. ಕಂಪನಿಯ ಕಾರು ನಟರನ್ನು ಕರೆದೊಯ್ಯಲು ಹೋಗಿತ್ತಂತೆ. ಮೇಕಪ್ ಮೇಡಂ ಕುಂಚ, ಡಬ್ಬ ಎಲ್ಲ ಅಲ್ಲೇ ಬಿಟ್ಟು, ದಾರಿಯಲ್ಲಿ ಹೋಗುತ್ತಿದ್ದ ಮರಳಿನ ಲಾರಿಯೊಂದನ್ನು ಅಡ್ಡಗಟ್ಟಿ ನಿಲ್ಲಿಸಿ, ನನ್ನನ್ನು ಅದರಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರಂತೆ. ನಂಜು ರಕ್ತಕ್ಕೆ ಇಳಿದಿತ್ತು. ಕತ್ತಿನಲ್ಲಿ ಕೆಟ್ಟದ್ದನ್ನೆಲ್ಲ ಕೆತ್ತಿ ತೆಗೆದು, ತೊಡೆಯ ಚರ್ಮ ತಂದು ಹೊದಿಸಿದ್ದಾರೆ. ಮೇಡಂ ಅವರೇ ಹಾಸಿಗೆಯ ಪಕ್ಕ ಕೂತಿದ್ದರು. ಕಂಪನಿ ಅವರನ್ನು ಕೆಲಸದಿಂದ ತೆಗೆದುಹಾಕಿತು. ಈಗ ಅವರ ಮನೆಯಲ್ಲೇ ಇದ್ದೇನೆ. ಅವರೂ, ಕಿವಿ ಕೇಳದ ಅವರ ಮಾವನೂ ಇರುವ ಪುಟ್ಟ ಮನೆ. ಮಾವ ನನ್ನನ್ನು ಆಕೆಯ ಹೊಸ ಗಂಡನೆಂದುಕೊಂಡು ಮುಖ ತಿರುಗಿಸಿಕೊಂಡು ಕೂತಿರುತ್ತಾರೆ.

ನೀನು ಸೇದಿಹೋಗಲಿ ಅಂದ ಕೈ ಅದು. ನಿನ್ನ ತಪ್ಪಲ್ಲ. ನಾನು ನಿನಗೆ ಬರೆಯಲಿಲ್ಲ. ಮೊದಲ ದಿನವೇ ಅವರು ನನ್ನ ಚರ್ಮ ಕೆಂಪಗಾದದ್ದು ನೋಡಿ, ನಿಮಗೆ ಇದು ಆಗುವುದಿಲ್ಲ, ಮೇಲಿನವರಿಗೆ ಹೇಳುತ್ತೇನೆ ಅಂದಿದ್ದರು. ನಾನೇ ಕಾಲಿಗೆ ಬಿದ್ದು ಬಾಯಿ ಮುಚ್ಚಿಸಿದೆ. ನೀನು ಬಂದ ದಿನವೂ ಸಂಜೆ ಅತ್ತರು, ನಿಮ್ಮಕ್ಕನ ಜೊತೆ ಹೋಗಬಾರದಿತ್ತಾ ಅಂದರು.

ಬರಬೇಡ. ಕತ್ತು ಈಗ ನೋಡುವಂತಿಲ್ಲ. ಅಮ್ಮನಿಗಂತೂ ಬೇಡವೇ ಬೇಡ.

ಗುಬ್ಬಿ

*

ಮೇ 24

ಗುಬ್ಬಿ,

ಬರಬೇಡ ಅಂದೆ. ಬರಲಿಲ್ಲ. ಬೇರೆ ಹೊತ್ತಾಗಿದ್ದರೆ ನಿನ್ನ ಮಾತು ಕೇಳುವವಳೇ ನಾನು? ಅಮ್ಮನನ್ನು ಒಬ್ಬಳನ್ನೇ ಬಿಡಲಾಗುವುದಿಲ್ಲ ಎಂದು ಬರೆದು ಆ ಹಾಳೆಯನ್ನು ಹರಿದು ಹಾಕಿದೆ. ಅದು ನೆಪ.

ನಿಮ್ಮ ಫ್ಯಾಕ್ಟರಿಯಿಂದ ಬಂದ ಮರುದಿನ ಡ್ಯೂಟಿಗೆ ಹೋದೆ. ಹೊಟ್ಟೆ ಆಪರೇಷನ್ ಆದ ಹೆಂಗಸು, ಸಾಮಾನ್ಯ ಡ್ರೆಸ್ಸಿಂಗು. ಗಾಯಕ್ಕೆ ಕಟ್ಟಿದ್ದ ಬಟ್ಟೆ ತೆಗೆದೆ. ತೆಗೆದ ಕೂಡಲೇ ಆ ಗಾಯ ಟಿವಿಯಷ್ಟು ದೊಡ್ಡದಾಗಿ ಕಂಡಿತು. ಬಿಸ್ಕತ್ತಿನ ವಾಸನೆ ಬಂತು. ವಾಕರಿಕೆ ತಡೆಯಲಾಗಲಿಲ್ಲ. ಪಾಪ ಆ ಹೆಂಗಸು, ಅಷ್ಟು ಕೆಟ್ಟದಾಗಿದೆಯಾ ಸಿಸ್ಟರ್ ಎಂದು ಅಳತೊಡಗಿದಳು. ಅವಳ ಗಾಯ ಚೆನ್ನಾಗಿ ಮಾಯುತ್ತಿತ್ತು.

ಮತ್ತೆರಡು ಸಲ ಹಾಗೇ ಆಯಿತು. ಹಿರಿಯ ಸಿಸ್ಟರ್ ಏನೂ ಕೇಳದೆ ನನ್ನನ್ನು ಬಟ್ಟೆ ಕೋಣೆಗೆ ಹಾಕಿದ್ದಾರೆ. ಹಾಸಿಗೆ ಹೊದಿಕೆ, ದಿಂಬಿನ ಚೀಲ ಎಣಿಸಿ ಮಡಿಸುತ್ತೇನೆ. ವಾರ್ಡಿನ ಸುದ್ದಿ ಅಮ್ಮನಿಗೆ ಹೇಳುತ್ತೇನಲ್ಲ, ಎಲ್ಲ ಹಳೆಯದು. ನಿನಗೂ ಬರೆಯಲಿಲ್ಲ. ಬೇಗ ಸರಿಹೋಗುತ್ತದೆ ಎಂದುಕೊಂಡೆ.

ಆದ್ದರಿಂದ ನಿಜ ಇದು. ನಿನ್ನ ಕತ್ತು ನೋಡಿ ಎಲ್ಲಿ ನನಗೆ ವಾಕರಿಕೆ ಬರುತ್ತದೋ ಎಂದು ಹೆದರಿ ಬರಲಿಲ್ಲ. ಸ್ವಂತ ತಮ್ಮನ ಮೈ. ನನಗೆ ನನ್ನ ಮೇಲೇ ಹೇಸಿಗೆಯಾಗುತ್ತಿದೆ.

ನಿನ್ನನ್ನು ಉಳಿಸಿದ ಆ ತಾಯಿಗೆ ನಾನು ಕ್ಷಮೆ ಕೇಳಿದೆನೆಂದು ಹೇಳು. ಬೇಡ, ನಾನೇ ಬರೆಯುತ್ತೇನೆ. ಏನೆಂದು ಬರೆಯುವುದೋ ತಿಳಿಯುತ್ತಿಲ್ಲ.

ಅಕ್ಕ

*

ಆಗಸ್ಟ್ 9

ಅಕ್ಕಾ,

ಮೇಡಂ ಅವರಿಗೆ ಬಂದ ನಿನ್ನ ಕಾಗದವನ್ನು ನನಗೆ ತೋರಿಸಲಿಲ್ಲ. ಓದಿ ಸೆರಗಿನಲ್ಲಿ ಮೂಗೊರೆಸಿಕೊಂಡು, ನಿಮ್ಮಕ್ಕ ಒಳ್ಳೇ ಬಾಯಿ ಬಡುಕಿ, ಒಳ್ಳೇ ಹೆಂಗಸು ಅಂದರು. ಅವರೀಗ ಮದುವೆ ಮೇಕಪ್ ಮಾಡುತ್ತಾರೆ. ಜೀವ ಇರುವವರಿಗೆ ಬಣ್ಣ ಹಚ್ಚುವುದು ಅಭ್ಯಾಸ ತಪ್ಪಿಹೋಗಿದೆಯಂತೆ.

ನಾನು ಬೇರೆ ಕಂಪನಿಯಲ್ಲಿ ಹಗ್ಗದ ಕೆಲಸಕ್ಕೆ ಸೇರಿದ್ದೇನೆ. ಹಾರುವವರನ್ನು ಮೇಲಿನಿಂದ ಹಿಡಿದೆಳೆಯುವುದು. ಕತ್ತಿಗೆ ಮಫ್ಲರ್. ಈ ಸೆಕೆಯಲ್ಲಿ ಯಾಕೆಂದು ಎಲ್ಲರೂ ಕೇಳುತ್ತಾರೆ. ಶೋಕಿ ಅನ್ನುತ್ತೇನೆ.

ಊರಿಗೆ ಈಗ ಬೇಡ ಅಕ್ಕಾ. ಹುಣ್ಣು ತೊಳೆಯುತ್ತಿದ್ದ ನಿನ್ನ ಕೈಗೆ ಏನಾಯಿತು ಅಂತ ಓದಿದಾಗಿನಿಂದ ಕನ್ನಡಿ ನೋಡಿಕೊಂಡರೂ ನಿನ್ನ ಮುಖವೇ ಕಾಣುತ್ತದೆ, ವಾಕರಿಸುತ್ತಿರುವುದು.

ಗುಬ್ಬಿ

*

ಡಿಸೆಂಬರ್ 15

ಗುಬ್ಬಿ,

'ದಂಡು' ಇಲ್ಲಿಗೂ ಬಂತು. ನಾನು ಹೋಗಬಾರದೆಂದಿದ್ದೆ. ಅಮ್ಮ ಬಿಡಲಿಲ್ಲ. ಹೊಸ ಚಪ್ಪಲಿ ಹಾಕಿಕೊಂಡು ಬೆಳಗ್ಗೆಯಿಂದ ಬಾಗಿಲಲ್ಲಿ ಕೂತಳು.

ಥಿಯೇಟರಿನಲ್ಲಿ ಅಷ್ಟೂ ಜನ ಕೂಗುತ್ತಿದ್ದರು. ಅಮ್ಮ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದುಕೊಂಡು, ಯಾವ ದೆವ್ವ ಬಂದರೂ ಇವನಾ ನಮ್ಮವನು ಎಂದು ಕೇಳುತ್ತಿದ್ದಳು. ನಾನು ಅಲ್ಲ ಅಲ್ಲ ಅನ್ನುತ್ತಿದ್ದೆ. ನಿನ್ನ ಬೆಂಕಿಯ ಫೈಟ್ ಬಂದಾಗ ನಾನು ಸೀಟಿನಿಂದ ಎದ್ದಿದ್ದೆ, ಗುಬ್ಬಿ. ಹೊಡಿ ಅಂದೆನೇನೋ. ಎಂಥ ಜೊಳ್ಳು ಕಥೆ, ಎಂಥ ಹೊಲಸು ಮಾತುಗಳು, ಆದರೂ ಎದ್ದಿದ್ದೆ. ಕೂತ ಮೇಲೆ ನಾಚಿಕೆಯಾಯಿತು.

ಆಮೇಲೆ ಆ ದೃಶ್ಯ ಬಂತು. ನಾನು ಹಲ್ಲು ಕಚ್ಚಿ ಕೂತೆ. ದೊರೆ ಬಾಯಿ ತೆರೆದ, ಹೊಲಿಗೆ ಕಿತ್ತಿತು. ಅಲ್ಲಿ ನಿನ್ನ ಗಾಯ ಇರಲಿಲ್ಲ. ಕಂಪ್ಯೂಟರಿನಲ್ಲಿ ಬರೆದ ಯಾವುದೋ ಹಸಿರು ಲೋಳೆ, ಒಳಗೆ ಮಿಂಚುವ ಹುಳ. ಕತ್ತೂ ನಿನ್ನದಲ್ಲ, ಹುಟ್ಟಿನಿಂದಿರುವ ನಿನ್ನ ಮಚ್ಚೆಯಿಲ್ಲ, ಏನೂ ಇಲ್ಲ. ಇಷ್ಟಕ್ಕೆ ನೀನು ಕೊಳೆತೆಯಾ? ನನಗೆ ಅಲ್ಲೇ ಕಾರಿಕೊಳ್ಳುವಂತಾಯಿತು.

ಅಷ್ಟರಲ್ಲಿ ಅಮ್ಮ ಮತ್ತೆ ಕೇಳಿದಳು. ಇವನಾ? ಹೌದು ಅಂದುಬಿಟ್ಟೆ. ಅವಳು ಕಣ್ಣು ತೆರೆದಳು. ಸುತ್ತ ಎಲ್ಲರೂ ಮುಖ ಮುಚ್ಚಿಕೊಂಡಿದ್ದಾರೆ, ಇವಳೊಬ್ಬಳು ಕಣ್ಣು ಮಿಟುಕಿಸದೆ ಆ ಹಸಿರು ಲೋಳೆಯನ್ನು ನೋಡಿದಳು.

"ಎಷ್ಟು ಸಣ್ಣಗಾಗಿದಾನೆ" ಅಂದಳು. "ನೋವಾಗಿರಬೇಕು ಅಲ್ವಾ?"

ನಾನು ಅವಳ ಕೈ ಹಿಡಿದುಕೊಂಡೆ.

ಇನ್ನೊಂದಿದೆ. ಹೊರಗೆ ಪಾಪ್‌ಕಾರ್ನ್ ಅನ್ನು ಹೊಲಿದ ಹೆಣದ ತಲೆಯಂಥ ಪ್ಲಾಸ್ಟಿಕ್ ಡಬ್ಬದಲ್ಲಿ ಕೊಡುತ್ತಾರೆ. ನೆತ್ತಿ ತೆಗೆದು ತಿನ್ನಬೇಕು. ಅಮ್ಮ ಹಟ ಮಾಡಿ ಒಂದು ತೆಗೆಸಿಕೊಂಡಳು. ಮನೆಗೆ ಬಂದು ತೊಳೆಯಲು ಹೋದಾಗ ನೋಡಿದೆ. ಡಬ್ಬದ ಕತ್ತಿನ ಎಡಗಡೆ, ಕಿವಿಯ ಕೆಳಗಿನಿಂದ. ಅದು ನಿನ್ನ ಗಾಯ. ಅದೇ ಅಂಚು, ಕೆಳಗೆ ಕೊಲ್ಲಿಯ ಹಾಗೆ ಒಳಗೆ ಸರಿದದ್ದು, ಮಧ್ಯದ ಆ ಗುಳಿ. ಗುಲಾಬಿ ಬಣ್ಣ ಬಳಿದಿದ್ದಾರೆ. ನಾನು ಅದನ್ನು ಒಂದೇ ಸಲ ನೋಡಿದ್ದು, ಆದರೆ ತಪ್ಪುವ ಮಾತೇ ಇಲ್ಲ. ಊರೂರಿನಲ್ಲಿ ಜನ ಅದಕ್ಕೆ ಹೆಬ್ಬೆರಳು ಒತ್ತಿ ಹಿಡಿದು ಪಾಪ್‌ಕಾರ್ನ್ ತಿನ್ನುತ್ತಿದ್ದಾರೆ.

ಒಡೆದು ಹಾಕಬೇಕೆಂದಿದ್ದೆ. ಅಮ್ಮ ಕಿತ್ತುಕೊಂಡು ತನ್ನ ಮಂಚದ ಪಕ್ಕದ ಕಿಟಕಿಯಲ್ಲಿಟ್ಟುಕೊಂಡಿದ್ದಾಳೆ. ದಿನಾ ಧೂಳು ಒರೆಸುತ್ತಾಳೆ.

ಇದು ಹೇಗಾಯಿತು, ಬರೆ.

ಅಕ್ಕ

*

ಡಿಸೆಂಬರ್ 27

ಅಕ್ಕಾ,

ಡಬ್ಬಿಗಾಗಿ ಅಚ್ಚು ತೆಗೆದಿದ್ದರು. ಶೂಟಿಂಗ್ ನಡೆಯುವಾಗಲೇ, ಹಸಿ ಗಾಯದ ಮೇಲೇ ಗಾರೆಯಂಥ ಪ್ಲಾಸ್ಟರು ಮೆತ್ತಿ. ನಿನಗೆ ಬರೆಯುವ ಧೈರ್ಯವಾಗಲಿಲ್ಲ. ಯಾತಕ್ಕೆಂದು ಆಗ ನನಗೂ ಹೇಳಿರಲಿಲ್ಲ.

ದೃಶ್ಯದ ಕಥೆ ಮೇಡಂಗೆ ಹಳೇ ಸ್ನೇಹಿತರೊಬ್ಬರು ಹೇಳಿದರು. ಬಿಡುಗಡೆಗೆ ಮುಂಚೆ ಒಂದಿಷ್ಟು ಜನರನ್ನು ಕರೆಸಿ ಪಿಕ್ಚರ್ ತೋರಿಸಿ ಅಭಿಪ್ರಾಯ ಕೇಳಿದರಂತೆ. ಎಲ್ಲ ಚೆನ್ನಾಗಿದೆ, ಆ ಕತ್ತಿನ ಗಾಯ ಮಾತ್ರ ನಕಲಿ ಅಂತ ಗೊತ್ತಾಗಿಬಿಡುತ್ತದೆ ಅಂದರಂತೆ. ಅದಕ್ಕೇ ತೆಗೆದು ಕಂಪ್ಯೂಟರಿನದು ಹಾಕಿದರು. ಇದು ನನಗೆ ಅಕ್ಟೋಬರಿನಲ್ಲೇ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಎರಡು ದಿನ ಊಟ ಸೇರಲಿಲ್ಲ. ನೀನು ಹೇಳುತ್ತಿದ್ದ ಹೇಸಿಗೆ ಏನೆಂದು ಆಗ ತಿಳಿಯಿತು. ಅದು ವಾಸನೆಗೆ ಬರುವುದಲ್ಲ.

ನಿನ್ನೆ ಕಂಪನಿಯವರು ಕರೆಸಿದ್ದರು. ಎರಡನೇ ಭಾಗ ಮಾಡುತ್ತಾರೆ. ನಿರ್ದೇಶಕರು ಎದ್ದು ಬಂದು ನನ್ನ ಮಫ್ಲರ್ ತಾವೇ ಬಿಚ್ಚಿದರು. ತೊಡೆಯ ಚರ್ಮ ಹೊದಿಸಿದ ಜಾಗವನ್ನು ಬೆರಳಿನಲ್ಲಿ ಸವರಿ ನೋಡಿದರು.

"ಈ ಸಲ ಅಂಟಿಸೋ ಕೆಲಸವೇ ಇಲ್ಲ" ಅಂದರು. "ನಿಜವಾಗಿಯೂ ಹೊಲಿದ ಹಾಗೇ ಇದೆ."

ಆ ಒಂದು ಕ್ಷಣ ನನ್ನ ಎದೆ ಹಿಗ್ಗಿತು ಅಕ್ಕಾ. ಆಣೆ ಮಾಡಿ ಹೇಳುತ್ತೇನೆ, ಹಿಗ್ಗಿತು. ಹೂಂ ಅನ್ನಲು ಬಾಯಿ ತೆರೆದಿದ್ದೆ. ಮರುಕ್ಷಣ ಅದೇ ಬಾಯಿಗೆ ಹುಳಿ ನೀರು ಬಂತು. ಅವರ ಕೈ ಕತ್ತಿನಿಂದ ತೆಗೆದಿಟ್ಟೆ. ಮಫ್ಲರ್ ಅವರ ಕೈಯಲ್ಲೇ ಉಳಿಯಿತು. ಮೆಟ್ಟಿಲಿಳಿದು ರಸ್ತೆಗೆ ಬಂದು, ಗಟಾರದ ಪಕ್ಕ ಕೂತು, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿದೆ. ಕತ್ತು ಬರಿದಾಗಿತ್ತು. ದಾರಿಯಲ್ಲಿ ಹೋಗುವವರು ನೋಡಿಕೊಂಡೇ ಹೋದರು. ನೋಡಲಿ ಅಂತ ಕೂತೆ.

ಜನವರಿಯ ಎರಡನೇ ಶುಕ್ರವಾರದ ಬಸ್ಸಿಗೆ ಬರುತ್ತೇನೆ. ಹೊಸ ಮಫ್ಲರ್ ತೆಗೆದುಕೊಳ್ಳುತ್ತೇನೆ, ಮನೆಯಲ್ಲೂ ಬಿಚ್ಚುವುದಿಲ್ಲ. ನೀನು ಹೆದರಬೇಡ, ನೋಡಬೇಕಾಗಿಲ್ಲ.

ಗುಬ್ಬಿ

*

ಡಿಸೆಂಬರ್ 31

ಗುಬ್ಬಿ,

ಮಫ್ಲರ್ ಕೊಳ್ಳಬೇಡ. ಹಾಗೇ ಬಾ. ವಾಕರಿಕೆ ಬಂದರೆ ಬರಲಿ, ಬಾಯಿ ತೊಳೆದುಕೊಂಡು ಬಂದು ಮತ್ತೆ ನೋಡುತ್ತೇನೆ.

ಅಕ್ಕ